ಹಿಸ್ಕೆಯ ಕಾಲು, ಒಳಗಿನ ಉಪ್ಪು

ಕೊಕ್ಕರೆ ಹೂತುಕೊಳ್ಳುವ ಕೆಸರಿನಲ್ಲೂ ಹಿಸ್ಕೆಯ ಕಾಲು ಹೂತುಕೊಳ್ಳುವುದಿಲ್ಲ ಎಂದು ಊರಿನಲ್ಲಿ ಒಂದು ಮಾತಿತ್ತು. ಮಾತು ಹುಟ್ಟಿದ್ದು ಅವಳ ಅಪ್ಪನ ಬಾಯಿಂದ. ಸೀಗಡಿ ಹಿಡಿದು ಬದುಕುತ್ತಿದ್ದ ಆ ಮನುಷ್ಯನಿಗೆ ಗಂಡುಮಕ್ಕಳಿರಲಿಲ್ಲ. ಕಡಲು ಇಳಿದಾಗ ಬಲೆ ನೋಡಲು ಹೋಗುವ ಅವನ ಹಿಂದೆ ಈ ಹುಡುಗಿ ಬರಿಗಾಲಲ್ಲಿ ಓಡುತ್ತಿದ್ದಳು. ಅಪ್ಪ ಮೊಣಕಾಲವರೆಗೆ ಇಳಿದ ಕಡೆ ಮಗಳು ಹಿಮ್ಮಡಿಯಷ್ಟೇ ಇಳಿಯುತ್ತಿದ್ದಳು. "ನಮ್ಮ ಹಿಸ್ಕೆಗೆ ದೇವರು ಬಾತುಕೋಳಿ ಪಾದ ಕೊಟ್ಟಿದಾನೆ" ಎಂದು ಅವನು ಬಂದವರೆದುರಿಗೆಲ್ಲ ಹೇಳುವನು. ಹಿಸ್ಕೆ ನಾಚಿಕೊಂಡು ಕಾಲನ್ನು ಲಂಗದೊಳಗೆ ಎಳೆದುಕೊಳ್ಳುವಳು.

ಫ್ರೀಸ್‌ಲಾಂಡಿನ ಉತ್ತರದ ಅಂಚಿನ ಊರು ಅದು, ನೆಲ ಕಡಲಿಗಿಂತ ತಗ್ಗಿರುವ ಸೀಮೆ. ಊರಿನ ಬೆನ್ನಿಗೆ ಹುಲ್ಲು ಹೊದ್ದ ಕಡಲ ಏರಿ, ಏರಿಯ ಆಚೆ ಕಡಲು. ದಿನಕ್ಕೆರಡು ಸಲ ನೀರು ಸರಿದು, ಅಮೆಲಾಂಡ್ ದ್ವೀಪದ ತನಕ ಬೂದುಬಣ್ಣದ ನೆಲ ಬಾಯಿಬಿಡುತ್ತದೆ. ಅದರ ಮೇಲೆ ನಡೆದೇ ದ್ವೀಪ ಮುಟ್ಟಬಹುದು, ದಾರಿ ಬಲ್ಲವರಾದರೆ. ಅರಿಯದೆ ಹೋದವರನ್ನು ನಡುವಿನ ಕಾಲುವೆಗಳು ಎಳೆದುಕೊಳ್ಳುತ್ತವೆ. ಅವೂ ಬಿಟ್ಟರೆ ಮರಳಿ ಬರುವ ನೀರು ಬಿಡುವುದಿಲ್ಲ.

ಪಟ್ಟಣದ ಜನಕ್ಕೆ ಹೀಗೆ ಕಡಲಿನ ಮೇಲೆ ನಡೆಯುವ ಹುಚ್ಚು ಹಿಡಿದಾಗ ಊರಿನ ಗಂಡಸರು ಸೇರಿ ದಾರಿಗಾರರ ಸಂಘ ಕಟ್ಟಿದರು. ಹಿಸ್ಕೆಗೆ ಆಗ ಮದುವೆಯಾಗಿತ್ತು. ಗಂಡ ಡೌವೆ ಊರಾಚೆಯ ಪಂಪುಮನೆಯಲ್ಲಿ ಕೆಲಸಕ್ಕಿದ್ದ. ತಗ್ಗಿನ ಹೊಲಗಳಿಗೆ ಬಸಿಯುವ ನೀರನ್ನು ಹಗಲಿರುಳು ಎತ್ತಿ ಕಡಲಿಗೆ ಚೆಲ್ಲುವ ಪಂಪು ಅದು. ಹಿಸ್ಕೆ ಅಡುಗೆಮನೆಯ ಮೇಜಿನ ಮೇಲೆ ಸೀಗಡಿ ಸುಲಿಯುತ್ತಿದ್ದಳು. ಸಂಘಕ್ಕೆ ತನ್ನನ್ನೂ ಸೇರಿಸಿಕೊಳ್ಳಿ ಎಂದು ಅವಳು ಹೋಗಿ ಕೇಳಿದ ದಿನ ಗಂಡಸರು ನಕ್ಕರು. ಸಂಘದ ಮುಂದಾಳು ಸೀಬ್ರೆನ್, ಬಾಗಿಲು ತುಂಬುವಂಥ ಆಳು, ಹೇಳಿದ:

"ಹೆಂಗಸ್ರು ದಾರಿ ತೋರಿಸಿದ್ರೆ ಜನ ದ್ವೀಪಕ್ಕಲ್ಲ, ಬಟ್ಟೆ ಅಂಗಡಿಗೆ ಹೋಗಿ ಮುಟ್ತಾರೆ."

"ನೀನು ತೋರಿಸಿದ್ರೆ ಹೆಂಡದಂಗಡಿಗೆ" ಎಂದಳು ಹಿಸ್ಕೆ. "ಬಟ್ಟೆ ಅಂಗಡಿಯಿಂದ ಮನೆಗೆ ವಾಪಸ್ಸಾದ್ರೂ ಬರ್ತಾರೆ."

ಗಂಡಸರು ಮತ್ತೆ ನಕ್ಕರು, ಈ ಸಲ ಸೀಬ್ರೆನ್ ಕಡೆ ನೋಡಿ. ಪರೀಕ್ಷೆಗೆ ನಡೆಸಿದರು, ಅವಳು ಗೆದ್ದಳು. ಅಂದಿನಿಂದ ಪ್ರತಿ ಬೇಸಗೆಯಲ್ಲೂ ಉದ್ದನೆಯ ಕೋಲು ಹಿಡಿದು ಗುಂಪಿನ ಮುಂದೆ ನಡೆದಳು. ಸೀಬ್ರೆನ್ ಗುಂಪಿನ ಹಿಂದೆ ಬರುತ್ತಿದ್ದ. ಇಬ್ಬರಿಗೂ ಒಬ್ಬರನ್ನೊಬ್ಬರು ಚುಚ್ಚದೆ ಕಾಲುವೆ ದಾಟಲು ಬರುತ್ತಿರಲಿಲ್ಲ.

ಹಿಸ್ಕೆಗೆ ಆ ನಡಿಗೆ ಬರಿಯ ಕೆಲಸವಾಗಿರಲಿಲ್ಲ. ಮನೆಯಲ್ಲಿ ಅವಳ ಪ್ರಾರ್ಥನೆ ಚುಟುಕು. ಊಟಕ್ಕೆ ಮುಂಚೆ ಎರಡು ಮಾತು, ಮಲಗುವ ಮುಂಚೆ ಎರಡು ಮಾತು. ಆದರೆ ಕೆಸರಿನ ನಟ್ಟನಡುವೆ, ಊರಿನ ಇಗರ್ಜಿಯ ಗೋಪುರ ಹಿಂದೆ ಸಾಸಿವೆಯಷ್ಟಾಗಿ, ದ್ವೀಪದ ದೀಪಸ್ತಂಭ ಮುಂದೆ ಕಡ್ಡಿಯಷ್ಟೇ ಕಾಣುವ ಹೊತ್ತಿನಲ್ಲಿ ಅವಳ ಮನಸ್ಸು ತಾನಾಗಿ ದೇವರ ಕಡೆ ಹೊರಳುತ್ತಿತ್ತು. ಕೇಳಿಕೊಳ್ಳುವುದು ಏನೂ ಇರುತ್ತಿರಲಿಲ್ಲ. ನಡೆಯುತ್ತಿದ್ದೇನೆ, ನೋಡುತ್ತಿದ್ದೀಯಲ್ಲ, ಅಷ್ಟೇ.

ಐವತ್ತು ದಾಟಿದ ಮೇಲೆ ಅವಳ ಮೀನಖಂಡ ಹಿಡಿದುಕೊಳ್ಳತೊಡಗಿತು. ಮೊದಮೊದಲು ಕಾಲು ಚಾಚಿ ಒತ್ತಿದರೆ ಬಿಡುತ್ತಿತ್ತು. ಸೀಬ್ರೆನ್‌ಗೆ ಇದರ ಮದ್ದು ಗೊತ್ತಿತ್ತು. ಅವನಿಗೇನು, ಸಂಘದವರಿಗೆಲ್ಲ ಗೊತ್ತಿತ್ತು.

"ಬೆವರಲ್ಲಿ ಉಪ್ಪು ಹೋಗುತ್ತೆ ಕಣೆ. ಹೋದ ಉಪ್ಪನ್ನ ವಾಪಸ್ ಹಾಕ್ಬೇಕು. ಉಪ್ಪಿನ ದ್ರೊಪ್ ಬಾಯಿಗೆ ಹಾಕ್ಕೊ, ದಾರಿಯುದ್ದಕ್ಕೂ."

ದ್ರೊಪ್ ಎಂದರೆ ಕರಿಯ ಮಿಠಾಯಿ. ಜ್ಯೇಷ್ಠಮಧುವಿನ ಬೇರಿನ ರಸ ಕುದಿಸಿ ಗಟ್ಟಿ ಮಾಡಿದ್ದು. ಉಪ್ಪಿನದಾದರೆ ಹೊಸಬರ ನಾಲಗೆ ಸುಟ್ಟಂತಾಗುತ್ತದೆ. ಆ ನಾಡಿನಲ್ಲಿ ಅದಿಲ್ಲದ ಜೇಬಿಲ್ಲ. ನಮ್ಮಲ್ಲಿ ಎಲೆಯಡಿಕೆಯನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯದ ಹಾಗೆ ಅಲ್ಲಿ ದ್ರೊಪ್ಪನ್ನು ಯಾರೂ ತಿನಿಸೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಟಲು ಕೆಟ್ಟರೆ ದ್ರೊಪ್, ಮಗು ಅತ್ತರೆ ದ್ರೊಪ್, ಬಸ್ಸು ತಡವಾದರೆ ದ್ರೊಪ್.

ಹಿಸ್ಕೆಗೆ ಅದು ಚಿಕ್ಕಂದಿನ ರುಚಿ. ಈಗ ಮದ್ದೂ ಆಯಿತಲ್ಲ ಎಂದು ಧಾರಾಳವಾದಳು. ಕೋಟಿನ ಜೇಬಿನಲ್ಲಿ ಒಂದು ಪೊಟ್ಟಣ, ಅಡುಗೆಮನೆಯ ಏಪ್ರನ್ನಿನಲ್ಲಿ ಒಂದು, ದಿಂಬಿನ ಪಕ್ಕ ಒಂದು ಡಬ್ಬಿ. ಭಾನುವಾರ ಇಗರ್ಜಿಯಲ್ಲಿ ಉಪದೇಶ ಶುರುವಾದಾಗ ಸಾಲಿನವರೆಲ್ಲ ಪೆಪ್ಪರ್‌ಮಿಂಟು ದಾಟಿಸಿಕೊಂಡರೆ ಹಿಸ್ಕೆಯ ಕೆನ್ನೆಯೊಳಗೆ ದ್ರೊಪ್ ಕರಗುತ್ತಿರುತ್ತಿತ್ತು. ಕಾಲು ಸೋತಷ್ಟೂ ಅವಳು ಹೆಚ್ಚು ತಿಂದಳು. ಹೆಚ್ಚು ತಿಂದಷ್ಟೂ ಕಾಲು ಸೋತಿತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಯಾರಿಗೆ ಹೊಳೆಯಬೇಕು? ಬೇಲಿಯನ್ನು ಯಾರಾದರೂ ಅನುಮಾನಿಸುತ್ತಾರೆಯೆ?

ಆ ಚಳಿಗಾಲದಲ್ಲಿ ಸೀಗಡಿ ಸುಲಿಯುವ ಬೆರಳುಗಳು ಜೋಮು ಹಿಡಿದವು. ತಲೆ ನೋವು ಬಿಡದಾಯಿತು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಕುಡಿದದ್ದು ನಿಲ್ಲದೆ ಪದೇಪದೇ ಹಿತ್ತಿಲಿಗೆ ಓಡಾಟ. ಏರಿಯ ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿದು ಅರ್ಧದಲ್ಲಿ ನಿಲ್ಲತೊಡಗಿದಳು. ಕೇಳಿದವರಿಗೆ "ಕಡಲು ನೋಡ್ತಿದೀನಿ" ಎನ್ನುತ್ತಿದ್ದಳು.

ಜೂನಿನಲ್ಲಿ ಝ್ವೋಲೆ ಪಟ್ಟಣದ ಬ್ಯಾಂಕಿನ ಗುಮಾಸ್ತರ ಗುಂಪು ಬಂತು. ಏರಿ ಇಳಿದ ಕೂಡಲೇ ಸಿಗುವ ಕೆಸರೇ ಆ ದಾರಿಯಲ್ಲಿ ಎಲ್ಲಕ್ಕಿಂತ ಆಳ. ಹಿಸ್ಕೆ ಮುಂದಿದ್ದಳು. ಎಡಗಾಲು ಎತ್ತಬೇಕು ಎಂದುಕೊಂಡಳು, ಕಾಲು ಏಳಲಿಲ್ಲ. ನೋವಿರಲಿಲ್ಲ. ಕರೆದರೂ ಓಗೊಡದ ಮಗುವಿನ ಹಾಗೆ ಅದು ಸುಮ್ಮನಿತ್ತು. ಬಲಗಾಲಿನ ಮೇಲೆ ಭಾರ ಹಾಕಿದಳು, ಅದೂ ಮಡಿಸಿಕೊಂಡಿತು. ಹಿಸ್ಕೆ ಕೆಸರಿನಲ್ಲಿ ಕುಳಿತಳು. ಗುಮಾಸ್ತರು ತಮಾಷೆಯೆಂದು ನಕ್ಕರು, ಅವಳೂ ಒಂದು ಚಣ ನಕ್ಕಳು. ಆಮೇಲೆ ಏಳಲು ಹೋದಳು, ಆಗಲಿಲ್ಲ. ಎದೆಯಲ್ಲಿ ಹಕ್ಕಿ ತಪ್ಪು ತಾಳಕ್ಕೆ ರೆಕ್ಕೆ ಬಡಿದಂತಾಯಿತು.

ಹಿಂದಿನಿಂದ ಸೀಬ್ರೆನ್ ಬಂದ. ಅವನು ಚುಚ್ಚು ಮಾತು ಆಡಲಿಲ್ಲ. ಅದರಿಂದಲೇ ಅವಳಿಗೆ ಹೆದರಿಕೆಯಾಯಿತು. ಎರಡು ಕೋಲು ಜೋಡಿಸಿ, ಇಬ್ಬರು ಗುಮಾಸ್ತರನ್ನು ಸೇರಿಸಿಕೊಂಡು, ಅವಳನ್ನು ಹೊತ್ತು ಏರಿಗೆ ತಂದ. ಗುಂಪು ದ್ವೀಪಕ್ಕೆ ಹೋಗಲಿಲ್ಲ.

ಆ ವಾರ ಸಂಘದವರು ಕೂಡಿದರು. ಸೀಬ್ರೆನ್ ಎದ್ದು ನಿಂತು, ಟೋಪಿ ಕೈಯಲ್ಲಿ ಹಿಡಿದು ಹೇಳಿದ. "ಹಿಸ್ಕೆ, ನಿನ್ನ ಮೇಲೆ ನಂಗೇನೂ ಇಲ್ಲ. ಆದ್ರೆ ಅದು ದಡದ ಪಕ್ಕ ಆಯ್ತು. ಮಧ್ಯದ ಕಾಲುವೇಲಿ ಆಗಿದ್ರೆ? ನೀರು ತಿರುಗೋ ಹೊತ್ತಿಗೆ ಆಗಿದ್ರೆ?"

ಅದನ್ನೇ ಅವಳೂ ಯೋಚಿಸುತ್ತಿದ್ದಳು.

"ಸೆಪ್ಟೆಂಬರಿನ ಕಡಲಿಳಿತದಲ್ಲಿ ಹೊಸಬರಿಗೆ ಇಡೋ ಪರೀಕ್ಷೆ ನಿಂಗೂ ಇಡ್ತೀವಿ. ಮುಂದೆ ನಡೆದು ದ್ವೀಪ ಮುಟ್ಬೇಕು. ಕೆಸರಲ್ಲಿ ಹೂತ ಆಳನ್ನ ಒಬ್ಳೇ ಎತ್ಬೇಕು. ಆಗ್ಲಿಲ್ಲ ಅಂದ್ರೆ..." ಅವನು ಟೋಪಿ ನೋಡಿಕೊಂಡ. "ಚಹಾ ಮಾಡಿ ಕೊಡೋಕೆ ಸಂಘಕ್ಕೆ ಯಾರಾದ್ರೂ ಬೇಕೇ ಬೇಕು."

"ನನ್ನ ಚಹಾ ಕುಡಿದಿದೀಯಲ್ಲ" ಎಂದಳು ಹಿಸ್ಕೆ. "ಸಂಘ ಉಳಿಯಲ್ಲ."

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ದ್ವೀಪದ ದಾರಿ ಮುಚ್ಚಿಹೋದರೆ ತನ್ನ ಬದುಕಿನಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸಿದಳು. ಡೌವೆ ಇದ್ದ, ಮನೆಯಿತ್ತು, ಸೀಗಡಿಯಿತ್ತು. ಆದರೂ ಆ ಬಯಲಿಲ್ಲದೆ ತಾನು ದೇವರನ್ನು ಎಲ್ಲಿ ಭೇಟಿಯಾಗುವುದು?

ಊರಿನ ಡಾಕ್ಟರು ಹೈತೆಮಾ ಅವಳ ಶಾಲೆಯ ಜೊತೆಗಾರ. ಅವನು ರಕ್ತದ ಒತ್ತಡ ನೋಡಿ ಹುಬ್ಬೇರಿಸಿದ. "ಬಹಳ ಏರಿದೆ. ಉಪ್ಪು ಕಡಿಮೆ ಮಾಡು." ಅವಳು ಆಲೂಗಡ್ಡೆಗೆ ಉಪ್ಪು ಬಿಟ್ಟಳು, ಸೂಪಿಗೆ ಬಿಟ್ಟಳು. ರಕ್ತ ಪರೀಕ್ಷೆಗೆ ಕಳಿಸಿದಾಗ ಬೇರೆಯೇ ಉಪ್ಪಿನ ಸುದ್ದಿ ಬಂತು. ಪೊಟ್ಯಾಸಿಯಂ ಎಂಬ ಉಪ್ಪು ಅವಳ ರಕ್ತದಲ್ಲಿ ಇರಬೇಕಾದ ಮಟ್ಟದಿಂದ ಬಹಳ ಕೆಳಗೆ ಇಳಿದಿತ್ತು. ಹೈತೆಮಾ ಮಾತ್ರೆ ಕೊಟ್ಟ. ಮಟ್ಟ ಕೊಂಚ ಏರಿತು, ಮತ್ತೆ ಜಾರಿತು. ಇನ್ನಷ್ಟು ಕೊಟ್ಟ. ಏರಿತು, ಜಾರಿತು. ತಳ ಒಡೆದ ಕೊಡಕ್ಕೆ ನೀರು ತುಂಬಿದ ಹಾಗಾಯಿತು.

ಒಂದು ದಿನ ಅವನು ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದ. "ಹಿಸ್ಕೆ, ಬೇಜಾರು ಮಾಡ್ಕೋಬೇಡ. ತೂಕ ಇಳಿಸೋಕೆ ಅಂತ ಭೇದಿ ಮಾತ್ರೆ ಏನಾದ್ರೂ ಕದ್ದು ತಗೊಳ್ತಿದೀಯಾ? ಕೆಲವು ಹೆಂಗಸ್ರು ತಗೊಳ್ತಾರೆ."

"ನನ್ನ ಸೊಂಟ ನೋಡಿ ಈ ಮಾತು ಕೇಳ್ತಿದೀಯಾ?"

ಹೈತೆಮಾ ಸೊಂಟ ನೋಡಿ ಆ ಮಾತು ಬಿಟ್ಟ. ಲೇವಾರ್ಡನ್ನಿನ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು, ಎದೆಯ ಬಡಿತ ತಪ್ಪುತ್ತಿದೆ, ಇದು ಆಟವಲ್ಲ ಎಂದ. ಹೊರಡುವಾಗ ಸಮಾಧಾನಕ್ಕೆಂದು ಮೇಜಿನ ಮೇಲಿನ ಗಾಜಿನ ಭರಣಿಯ ಮುಚ್ಚಳ ತೆಗೆದು ಮುಂದೆ ಚಾಚಿದ. ಭರಣಿಯ ತುಂಬ ದ್ರೊಪ್ ಇತ್ತು. ಹಿಸ್ಕೆ ಎರಡು ತೆಗೆದುಕೊಂಡಳು.

ಆಸ್ಪತ್ರೆಯಲ್ಲಿ ಅವಳನ್ನು ನೋಡಿದ್ದು ಡಾಕ್ಟರ್ ಡೆ ವಿಸ್ಸರ್ ಎಂಬ ಹೆಂಗಸು. ಝೇಲಂಡಿನ ಕಡೆಯವಳು, ಅದೂ ಕಡಲಿನ ಬಾಯಿಂದ ಕಿತ್ತುಕೊಂಡ ನೆಲವೇ. ನರೆಗೂದಲು, ಸವೆದ ಬೂಟು, ಅವಸರವಿಲ್ಲದ ಮಾತು. ಅವಳು ಕುರ್ಚಿ ಎಳೆದುಕೊಂಡು ಕುಳಿತು, ಬೆಳಗಿನಿಂದ ಸಂಜೆವರೆಗೆ ಏನೇನು ತಿನ್ನುತ್ತೀಯ ಎಂದು ಕೇಳಿದಳು. ಹಿಸ್ಕೆ ಹೇಳಿದಳು: ರೈ ರೊಟ್ಟಿ, ಚೀಸು, ಆಲೂಗಡ್ಡೆ, ಕೋಸು, ಶುಕ್ರವಾರ ಮೀನು, ಭಾನುವಾರ ಮಾಂಸ.

"ಮತ್ತೆ?"

"ಮತ್ತೇನಿಲ್ಲ. ಮಜ್ಜಿಗೆ ಗಂಜಿ."

"ಕುಡಿಯೋದು?"

"ಚಹಾ. ಹೊಸವರ್ಷಕ್ಕೆ ಒಂದು ಲೋಟ ಬ್ರಾಂಡಿ. ಅದೂ ಪಾದ್ರಿಗಳು ಹೋದ ಮೇಲೆ."

ಡೆ ವಿಸ್ಸರ್ ನಕ್ಕು ಎದ್ದುಹೋದಳು. ಮರುದಿನವೂ ಕೇಳಿದಳು, ಅದೇ ಉತ್ತರ ಬಂತು. ಹನಿ ಹನಿಯಾಗಿ ನರದೊಳಗೆ ಪೊಟ್ಯಾಸಿಯಂ ಬಿಟ್ಟರು. ಅಷ್ಟು ಬಿಟ್ಟರೂ ಮಟ್ಟ ನಿಲ್ಲಲಿಲ್ಲ. ಮೂತ್ರಪಿಂಡದಲ್ಲಿ ದೋಷವೇನೋ, ಅದರ ಮೇಲಿನ ಗ್ರಂಥಿಯಲ್ಲಿ ಗಂಟೇನೋ, ಹೊಟ್ಟೆ ಕೊಯ್ದು ನೋಡಬೇಕೇನೋ ಎಂಬ ಮಾತು ಬಂತು. ಹಿಸ್ಕೆ ಗೋಡೆ ಕಡೆ ತಿರುಗಿ ಮಲಗಿದಳು. ಕಾಲು ಕೊಡು ಎಂದು ಅವಳು ಬೇಡಲಿಲ್ಲ. ಇದು ಯಾಕೆ ಆಗುತ್ತಿದೆ ಎಂದು ಇವರಿಗೆ ತೋರಿಸಿಕೊಡು ಎಂದಷ್ಟೇ ಬೇಡಿದಳು.

ಮಧ್ಯಾಹ್ನ ಡೌವೆ ಬಂದ. ಬಸ್ಸಿಳಿದು ನಡೆದು ಬಂದವನು ಕೋಟು ಬಿಚ್ಚುವ ಮೊದಲೇ ದೊಡ್ಡ ಪೊಟ್ಟಣವೊಂದನ್ನು ಹಾಸಿಗೆಯ ಮೇಲಿಟ್ಟ. ಡೆ ವಿಸ್ಸರ್ ಅದೇ ಹೊತ್ತಿಗೆ ಒಳಬಂದಳು. ಸೋತ ಮುಖ ಹೊತ್ತಿದ್ದಳು. ಹಿಸ್ಕೆಗೆ ಅವಳ ಮೇಲೆ ಕನಿಕರವಾಯಿತು.

"ಕೂತ್ಕೊ ತಾಯಿ. ಒಂದು ತಗೊ" ಎಂದು ಪೊಟ್ಟಣ ಚಾಚಿದಳು.

ಡಾಕ್ಟರು ಒಂದನ್ನು ಬಾಯಿಗೆ ಹಾಕಿಕೊಂಡಳು. "ಬಹಳ ಚೆನ್ನಾಗಿದೆ. ನಮ್ಮ ಕಡೆ ಇಷ್ಟು ಖಾರ ಮಾಡಲ್ಲ."

"ಇನ್ನೂ ತಗೊ. ಸಂಜೆಗೆ ಅವಳು ಖಾಲಿ ಮಾಡ್ತಾಳೆ" ಎಂದ ಡೌವೆ.

ಡೆ ವಿಸ್ಸರ್ ಇನ್ನೊಂದಕ್ಕೆ ಕೈ ಹಾಕಿದ್ದಳು. ಕೈ ಪೊಟ್ಟಣದೊಳಗೇ ನಿಂತಿತು. "ಏನಂದ್ರಿ?"

"ಸಂಜೆಗೆ ಖಾಲಿ."

"ಈ ಪೊಟ್ಟಣ? ಒಂದೇ ದಿನಕ್ಕೆ?"

"ದೊಡ್ಡದು ಸಿಕ್ರೆ ದೊಡ್ಡದು. ಕಾಲಿಗೆ ಒಳ್ಳೇದಂತಲ್ಲ."

ಡಾಕ್ಟರು ಬಾಯಲ್ಲಿದ್ದದ್ದನ್ನು ಕರವಸ್ತ್ರಕ್ಕೆ ಉಗಿದು, ಮಡಚಿ ಜೇಬಿಗಿಟ್ಟುಕೊಂಡಳು. ಆಮೇಲೆ ಕುರ್ಚಿಯ ಮೇಲೆ ಕುಸಿದು ಕೂತು, ಬಹಳ ಹೊತ್ತು ನಕ್ಕಳು. ಕಣ್ಣಲ್ಲಿ ನೀರು ಬಂತು. "ಏನು ತಿಂತೀಯ ಅಂತ ಎಷ್ಟು ಸಲ ಕೇಳಿದೆ ನಿನ್ನ."

"ತಿನ್ನೋದು ಕೇಳಿದೆ. ಇದು ದ್ರೊಪ್ ಅಲ್ವಾ?"

"ನಿಂದೇನೂ ತಪ್ಪಿಲ್ಲ. ನಾನೂ ಅದನ್ನ ಚೀಪ್ತಾನೇ ಬೆಳೆದವಳು. ನಂಗೂ ಕೇಳ್ಬೇಕು ಅನ್ನಿಸ್ಲಿಲ್ಲ ನೋಡು."

ಡೌವೆ ಇಬ್ಬರನ್ನೂ ನೋಡಿ, "ಯಾರಾದ್ರೂ ನಂಗೂ ಹೇಳ್ತೀರಾ?" ಎಂದ.

ಡೆ ವಿಸ್ಸರ್ ಕಣ್ಣೊರೆಸಿಕೊಂಡು ಹೇಳತೊಡಗಿದಳು. "ಮೈಯಲ್ಲಿ ಉಪ್ಪು ಒಂದೇ ಬಗೆ ಇಲ್ಲ. ಸೋಡಿಯಂ ಅನ್ನೋದು ಕಡಲಿನ ಉಪ್ಪು, ನಾವು ಊಟಕ್ಕೆ ಹಾಕೋದು. ಅದರ ಜಾಗ ಏರಿಯ ಹೊರಗೆ. ಪೊಟ್ಯಾಸಿಯಂ ಅನ್ನೋದು ಒಳಗಿನ ಉಪ್ಪು, ಆಲೂಗಡ್ಡೇಲಿ, ಕೋಸಲ್ಲಿ ಇರೋದು. ಅದರ ಜಾಗ ಏರಿಯ ಒಳಗೆ. ಮೈಯ ಒಂದೊಂದು ಜೀವಕಣಾನೂ ಏರಿ ಕಟ್ಟಿದ ಒಂದು ತಗ್ಗಿನ ಹೊಲ ಅಂದ್ಕೊಳ್ಳಿ. ಕಡಲಿನ ಉಪ್ಪು ಒಳಗೆ ಬಸೀತಾನೇ ಇರುತ್ತೆ, ಒಳಗಿನದು ಹೊರಗೆ ಸೋರ್ತಾನೇ ಇರುತ್ತೆ. ಸರಿ ಮಾಡೋಕೆ ಪ್ರತಿ ಹೊಲದಲ್ಲೂ ಒಂದು ಪಂಪು."

"ನಿಲ್ಲೋದೇ ಇಲ್ಲ?" ಡೌವೆ ಕುರ್ಚಿಯ ಅಂಚಿಗೆ ಬಂದಿದ್ದ.

"ನಿಂತ್ರೆ ಜೀವ ನಿಂತ ಹಾಗೆ. ಒಳಗಿನದಕ್ಕೂ ಹೊರಗಿನದಕ್ಕೂ ಇರೋ ಆ ವ್ಯತ್ಯಾಸದ ಮೇಲೇ ನರ ಮಾತಾಡೋದು, ಸ್ನಾಯು ಬಿಗಿಯೋದು, ಎದೆ ಬಡಿಯೋದು."

"ಎರಡೂ ಕಡೆ ಮಟ್ಟ ಬೇರೆ ಬೇರೆ ಇದ್ರೇನೇ ತೂಬು ತೆಗೆದಾಗ ನೀರು ಹರಿಯೋದು" ಎಂದ ಡೌವೆ. ಮೂವತ್ತು ವರ್ಷ ಅವನು ನೋಡಿದ್ದು ಅದೊಂದನ್ನೇ.

"ಅದೇ. ಈಗ ಮೂತ್ರಪಿಂಡ ಇದೆಯಲ್ಲ, ಅದು ಊರಿನ ದೊಡ್ಡ ತೂಬು. ಯಾವ ಉಪ್ಪು ಇರ್ಬೇಕು, ಯಾವುದು ಹೋಗ್ಬೇಕು ಅಂತ ಮೈಯಿಂದ ಅದಕ್ಕೆ ಅಪ್ಪಣೆ ಬರುತ್ತೆ. ಈ ಬೇರಿನ ರಸ ಅತಿಯಾದ್ರೆ ತೂಬಿನವನ ಕಿವೀಲಿ ಸುಳ್ಳು ಅಪ್ಪಣೆ ಊದುತ್ತೆ. ಕಡಲಿನ ಉಪ್ಪು ಹಿಡ್ಕೊ, ಒಳಗಿನ ಉಪ್ಪು ಬಿಡು. ಹಗಲೂ ಅದೇ, ರಾತ್ರಿನೂ ಅದೇ. ಹಿಡ್ಕೊಂಡಿದ್ದಕ್ಕೆ ರಕ್ತದ ಒತ್ತಡ ಏರ್ತು. ಬಿಟ್ಟಿದ್ದಕ್ಕೆ ಕಾಲು ಬಿತ್ತು. ನಾವು ಮೇಲಿಂದ ಸುರೀತಾ ಇದ್ವಿ, ಈ ಅಮ್ಮ ಕೆಳಗಿಂದ ತೂಬು ತೆಗೀತಾ ಇದ್ರು."

ಹಿಸ್ಕೆ ಪೊಟ್ಟಣವನ್ನೇ ನೋಡುತ್ತಿದ್ದಳು. "ಆದ್ರೆ ಇದು ಉಪ್ಪೇ ಅಲ್ವಾ? ಬೆವರಿಗೆ ಬದಲು..."

"ಇದರ ಖಾರ ಬೇರೆ ಉಪ್ಪಿಂದು. ಬೆವರಿಗೂ ಅದಕ್ಕೂ ಸಂಬಂಧ ಇಲ್ಲ."

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ತಾನು ಉಪ್ಪೆಂದು ನಂಬಿ ಏನನ್ನೋ ತಿಂದು, ಕಡಲಷ್ಟು ನೀರು ಕುಡಿದೆನಲ್ಲ ಎಂದು ಹಿಸ್ಕೆಗೆ ನಗು ಬಂತು. ನಗುವಿನ ಹಿಂದೆಯೇ ಕೇಳಬೇಕಾದ ಪ್ರಶ್ನೆಯೂ ಬಂತು. "ಸೆಪ್ಟೆಂಬರಿಗೆ ನಡೀತೀನಾ?"

"ಸುಳ್ಳು ಅಪ್ಪಣೆಯ ಗುಂಗು ಇಳಿಯೋಕೆ ಕೆಲವು ವಾರ ಬೇಕು. ಒಂದೇ ಒಂದು ಚೂರೂ ಬಾಯಿಗೆ ಹಾಕಬಾರದು. ಹಾಕಿಲ್ಲ ಅಂದ್ರೆ ನಡೀತೀಯ."

ಡೌವೆ ಪೊಟ್ಟಣ ಎತ್ತಿಕೊಂಡು, ಎಸೆಯಲು ಮನಸ್ಸಾಗದೆ ಹೊರಗಿನ ಕಾವಲುಗಾರನಿಗೆ ಕೊಟ್ಟುಬಂದ. ಅವನು ದಿನಕ್ಕೆ ಎರಡೇ ತಿನ್ನುವವನೆಂದು ಕೇಳಿ ಖಾತ್ರಿ ಮಾಡಿಕೊಂಡಿದ್ದ.

ಊರಿನಲ್ಲಿ ಸುದ್ದಿ ನಂಬಿಸುವುದು ಕಾಯಿಲೆಗಿಂತ ಕಷ್ಟವಾಯಿತು. "ನಮ್ಮಜ್ಜ ತೊಂಬತ್ತರ ತನಕ ದ್ರೊಪ್ ತಿಂದ" ಎಂದ ಸೀಬ್ರೆನ್.

"ಎಷ್ಟು ತಿಂತಿದ್ದ?" ಎಂದಳು ಹಿಸ್ಕೆ.

"ಭಾನುವಾರ ಒಂದು. ಜಿಪುಣ ಆತ."

"ಅದಕ್ಕೇ ಬದುಕಿದ."

ಹೈತೆಮಾ ಸಂಜೆ ಸೈಕಲ್ ತುಳಿದು ಮನೆಗೆ ಬಂದ. ಟೋಪಿ ತೆಗೆದು ಬಾಗಿಲಲ್ಲೇ ನಿಂತ. "ನಾನೇ ಕೈಯಾರೆ ಕೊಟ್ಟೆನಲ್ಲೇ ಹಿಸ್ಕೆ" ಎಂದ. ಒಳಗೆ ಬಾ, ಚಹಾ ಕುಡಿ ಎಂದಳು ಅವಳು. ಅವಳ ಚಹಾ ಕುಡಿಯುವುದೇ ಸಾಕಷ್ಟು ಪ್ರಾಯಶ್ಚಿತ್ತ ಎಂದು ಡೌವೆ ಹೇಳಿದ.

ದ್ರೊಪ್ ಬಿಡುವುದು ಸುಲಭವಿರಲಿಲ್ಲ. ನಾಲಗೆ ಬೇಡುತ್ತಿತ್ತು, ಕೈ ತಾನಾಗಿ ಏಪ್ರನ್ ಜೇಬಿಗೆ ಹೋಗುತ್ತಿತ್ತು. ಡೌವೆಯೂ ಜೊತೆಗೆ ಬಿಟ್ಟ; ಬಿಟ್ಟು ಮನೆಯ ತುಂಬ ಗೊಣಗಿದ. ಉಪದೇಶದ ಹೊತ್ತಿನಲ್ಲಿ ಹಿಸ್ಕೆ ಮೊದಲ ಸಲ ಸಾಲಿನ ಪೆಪ್ಪರ್‌ಮಿಂಟು ತೆಗೆದುಕೊಂಡಳು. ಪಕ್ಕದವಳು ಏನೋ ಸಾವಿನ ಸುದ್ದಿ ಕೇಳಿದವಳಂತೆ ಅವಳ ಕೈ ಒತ್ತಿದಳು.

ಮೊದಲು ಬೆರಳಿಗೆ ಜೀವ ಬಂತು. ಸೀಗಡಿಯನ್ನು ಮತ್ತೆ ಟಪಟಪನೆ ಸುಲಿಯತೊಡಗಿದಳು. ತಲೆನೋವು ಯಾವಾಗ ಹೋಯಿತೋ ತಿಳಿಯಲಿಲ್ಲ. ಆಮೇಲೆ ಏರಿಯ ಮೆಟ್ಟಿಲು. ದಿನಾ ಬೆಳಿಗ್ಗೆ ಹೋದಳು. ಮೊದಲು ಅರ್ಧ, ಕಂಬಿ ಹಿಡಿದು. ಆಮೇಲೆ ಪೂರ್ತಿ, ಕಂಬಿ ಹಿಡಿದು. ಒಂದು ಮಂಜಿನ ಬೆಳಿಗ್ಗೆ ಮೇಲೆ ಹೋಗಿ ನಿಂತ ಮೇಲೆ, ತಾನು ಕಂಬಿ ಹಿಡಿಯಲೇ ಇಲ್ಲವೆಂದು ಹೊಳೆಯಿತು. ಖಾತ್ರಿ ಮಾಡಿಕೊಳ್ಳಲು ಕೆಳಗಿಳಿದು ಇನ್ನೊಮ್ಮೆ ಹತ್ತಿದಳು. ಯಾರೂ ಇಲ್ಲವೆಂದು ನೋಡಿಕೊಂಡು ಮೂರನೆಯ ಸಲವೂ ಹತ್ತಿದಳು. ಕುರಿಗಳು ಮೇಯುವುದು ಬಿಟ್ಟು ಅವಳನ್ನೇ ನೋಡಿದವು. ಆ ದಿನ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಮಾತ್ರೆ ನಿಲ್ಲಿಸಿ ವಾರಗಳಾಗಿದ್ದರೂ ಒಳಗಿನ ಉಪ್ಪು ತನ್ನ ಮಟ್ಟದಲ್ಲಿ ನಿಂತಿತ್ತು.

ಪರೀಕ್ಷೆಯ ದಿನ ವಾಯವ್ಯದ ಗಾಳಿ, ತೊಳೆದಂಥ ಆಕಾಶ. ಹಿಸ್ಕೆ ಮುಂದೆ, ಸಂಘದ ಇಬ್ಬರು ನಡುವೆ, ಸೀಬ್ರೆನ್ ಹಿಂದೆ. ಡೌವೆ ದೋಣಿಯಲ್ಲಿ ಮುಂಚೆಯೇ ದ್ವೀಪಕ್ಕೆ ಹೋಗಿದ್ದ. ಹಿಸ್ಕೆ ದಡದ ಕೆಸರಿಗೆ ಕಾಲಿಟ್ಟಳು. ಎಡಗಾಲು ಎತ್ತಿದಳು. ಕೆಸರು ಪಚ್ಚನೆ ಬಿಟ್ಟಿತು. ಬಲಗಾಲು. ಎಡಗಾಲು. ಕರೆದ ಕೂಡಲೇ ಓಡಿಬರುವ ಮಕ್ಕಳ ಹಾಗೆ ಕಾಲುಗಳು ಬಂದವು. ಮರಳು ಸಿಕ್ಕಿತು, ಕಪ್ಪೆಚಿಪ್ಪಿನ ದಿಬ್ಬ ಸಿಕ್ಕಿತು, ಸೊಂಟದುದ್ದ ನೀರಿನ ಕಾಲುವೆ ಸಿಕ್ಕಿತು. ಕೋಲೂರಿ ಸೆಳವಿಗೆ ಎದೆಗೊಟ್ಟು ನಿಂತು ಇಬ್ಬರನ್ನೂ ದಾಟಿಸಿದಳು.

"ನಿಧಾನ, ನಾವು ದೋಣಿ ಹಿಡೀಬೇಕಿಲ್ಲ" ಎಂದು ಹಿಂದಿನಿಂದ ಸೀಬ್ರೆನ್ ಕೂಗಿದ. ಅವನಿಗೆ ಏದುಸಿರು ಬಂದಿತ್ತು.

ದ್ವೀಪ ಹತ್ತಿರವಾದಾಗ ಅವನು ನಿಲ್ಲಲು ಹೇಳಿದ. ಹೂತ ಆಳನ್ನು ಎತ್ತುವ ಪರೀಕ್ಷೆ. ಸಂಘದಲ್ಲೇ ಹೆಚ್ಚು ತೂಕದವನು ಹೂತುಕೊಳ್ಳಬೇಕೆಂಬ ನಿಯಮ ಮಾಡಿದವನು ಸೀಬ್ರೆನ್ನೇ, ತನಗಿಂತ ದಪ್ಪನೆಯವರು ಸಂಘದಲ್ಲಿದ್ದ ಕಾಲದಲ್ಲಿ. ಅವನು ಮೆತ್ತನೆಯ ಜಾಗ ನೋಡಿ ಇಳಿದು, ಮೈ ಅಲುಗಿಸಿ, ಮೊಣಕಾಲವರೆಗೆ ಹೂತುಕೊಂಡ. "ಇಷ್ಟು ಸಾಕು" ಎಂದ. ಆದರೆ ಕೆಸರಿಗೆ ಸಾಕಾಗಿರಲಿಲ್ಲ. ಅದು ಅವನನ್ನು ತೊಡೆಯವರೆಗೆ ಎಳೆದುಕೊಂಡಿತು.

"ಹಿಸ್ಕೆ. ಇದು ನಾನಂದುಕೊಂಡದ್ದಕ್ಕಿಂತ ಆಳ ಇದೆ."

"ಅಲುಗಾಡ್ಬೇಡ."

"ನೀರು ತಿರುಗೋ ಹೊತ್ತಾಯ್ತು. ಇವರಿಬ್ರನ್ನೂ ಕರೆದುಬಿಡೋಣ."

"ಒಬ್ಳೇ ಎತ್ಬೇಕು ಅಂದವನು ನೀನು" ಎಂದಳು ಹಿಸ್ಕೆ. ಆದರೂ ಮನಸ್ಸಿನಲ್ಲಿ ಗೆರೆ ಎಳೆದುಕೊಂಡಳು: ನೀರಿನ ಅಂಚು ಅಷ್ಟು ದೂರದಲ್ಲಿ ಬಿದ್ದಿದ್ದ ಕಪ್ಪು ಚಿಪ್ಪುಗಳನ್ನು ಮುಟ್ಟಿದರೆ ಹಟ ಬಿಟ್ಟು ಕರೆಯುವುದು.

ಅವಳು ಅವನ ಕೋಲನ್ನು ಕೆಸರಿನ ಮೇಲೆ ಅಡ್ಡ ಹಾಕಿ ಅದರ ಮೇಲೆ ಮಂಡಿಯೂರಿದಳು. ತನ್ನ ಕೋಲನ್ನು ಅವನ ತೊಡೆಯ ಪಕ್ಕಕ್ಕೆ ಇಳಿಸಿ, ಆಡಿಸಿ, ಒಳಗೆ ನೀರು ಹೋಗಲು ದಾರಿ ಮಾಡಿದಳು. "ಮುಂದಕ್ಕೆ ಬಾಗು. ನನ್ನ ಹೆಗಲ ಮೇಲೆ ಬೀಳು. ಹಿಮ್ಮಡಿ ಮೊದಲು, ಬೆರಳು ಆಮೇಲೆ."

"ನನ್ನ ಭಾರ ತಡೀತೀಯಾ?"

"ಬೀಳು ಅಂದೆ."

ಅವನು ಬಿದ್ದ. ಎತ್ತು ಒರಗಿದ ಹಾಗಾಯಿತು. ಹಿಸ್ಕೆ ಒಂದು ಕಾಲನ್ನು ಗಟ್ಟಿ ಮರಳಿಗೆ ಊರಿ ಎದ್ದಳು. ತೊಡೆ ಬಿಗಿಯಿತು, ನಡುಗಿತು, ಬಿಡಲಿಲ್ಲ. ಮೈಯ ಒಳಗೆ ಎಣಿಸಲಾರದಷ್ಟು ಪುಟ್ಟ ಪಂಪುಗಳು ಒಂದೂ ಸೋಮಾರಿಯಾಗದೆ ದುಡಿಯುತ್ತಿರುವುದು ಅವಳಿಗೆ ಕೇಳಿಸಿದಂತಾಯಿತು. ಯಾರ ಅಪ್ಪಣೆಗೆ ಅವು ದುಡಿಯುತ್ತಿವೆಯೆಂದು ಅವಳಿಗೆ ಅನುಮಾನವಿರಲಿಲ್ಲ. ಇನ್ನಷ್ಟು ಎದ್ದಳು. ಕೆಸರು ದೊಡ್ಡದೊಂದು ನಿಟ್ಟುಸಿರಿನಂಥ ಸದ್ದು ಮಾಡಿ ಸೀಬ್ರೆನ್‌ನ ಬಲಗಾಲನ್ನು ಬಿಟ್ಟಿತು. ಎಡಗಾಲು ಬೂಟನ್ನು ಅಲ್ಲೇ ಬಿಟ್ಟು ಹೊರಬಂತು. ನೀರಿನ ಅಂಚು ಚಿಪ್ಪುಗಳಿಂದ ಇನ್ನೂ ಸಾಕಷ್ಟು ದೂರವಿತ್ತು.

ಸೀಬ್ರೆನ್ ಮರಳಿನ ಮೇಲೆ ಅಂಗಾತ ಬಿದ್ದು ಆಕಾಶ ನೋಡಿದ. ಉಳಿದಿಬ್ಬರಲ್ಲಿ ಒಬ್ಬನು ಟೋಪಿ ತೆಗೆದ.

"ಶನಿವಾರ ಗ್ರೋನಿಂಗನ್ನಿಂದ ಮೇಷ್ಟ್ರುಗಳ ಗುಂಪು ಬರ್ತಿದೆ" ಎಂದ ಸೀಬ್ರೆನ್, ಬಿದ್ದಲ್ಲಿಂದಲೇ. "ದೊಡ್ಡ ಗುಂಪು. ಮುಂದೆ ನಡೆಯೋಕೆ ಆಗುತ್ತಾ ನಿಂಗೆ?"

"ಮೊದಲು ನೀನು ಏಳು. ಆಮೇಲೆ ಕೇಳು."

ಅವನು ಕೈ ಚಾಚಿದ, ಅವಳು ಎಬ್ಬಿಸಿದಳು. ಒಂಟಿ ಬೂಟಿನಲ್ಲಿ ನಿಂತು ಅವನು ಮತ್ತೆ ಕೇಳಿದ. ಈ ಸಲ ಟೋಪಿ ಕೈಯಲ್ಲಿತ್ತು. "ಶನಿವಾರ ಮುಂದೆ ನಡೀತೀಯಾ, ಹಿಸ್ಕೆ?"

"ನಡೀತೀನಿ."

ಅಲ್ಲಿಂದ ದ್ವೀಪದ ದಡಕ್ಕೆ ಸ್ವಲ್ಪವೇ ದೂರ. ಡೌವೆ ಅಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದ. ದಾರಿಗಾರರು ಓಡಬಾರದು, ಹಿಂದಿನವರು ಗಾಬರಿಯಾಗುತ್ತಾರೆ. ಹಿಸ್ಕೆ ಹಿಂತಿರುಗಿ ನೋಡಿದಳು. ಮೂವರೂ ಗಟ್ಟಿ ನೆಲದ ಮೇಲಿದ್ದರು, ಹೆದರಿಕೆಯಿರಲಿಲ್ಲ. ಅವಳು ಓಡಿದಳು.